ಅಂಚೆ ಮತದಾನ: ಮೈಸೂರು–ಮಂಡ್ಯದ ಮತದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಿಗೆ ಮಾತ್ರ ಅನ್ವಯ. ಗ್ರಾಮ ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ, ನಗರಪಾಲಿಕೆ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದರ ನಿಯಮಗಳೇ ಬೇರೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮತಗಟ್ಟೆಗೆ ಹೋಗಲು ಆಗುವವರು ಹೋಗಿ ಯಂತ್ರದಲ್ಲೇ ಮತ ಹಾಕುವುದು ವಾಸಿ. ಗುಂಡಿ ಒತ್ತಿದ ಮತ ಸಹಿ ಇಲ್ಲವೆಂದೋ ಲಕೋಟೆ ತಪ್ಪಿತೆಂದೋ ಬಿದ್ದುಹೋಗುವುದಿಲ್ಲ. ಅಂಚೆ ಮತ ತಿರಸ್ಕೃತವಾಗುತ್ತದೆ, ಅದೂ ಹೆಚ್ಚಿನ ಸಲ ಮತ ಹಾಕಿದವರ ಸಣ್ಣ ಮರೆವಿನಿಂದ. ಆದರೆ ಹೋಗಲು ಆಗದವರಿಗೆ ಇದನ್ನು ಬಿಟ್ಟು ಬೇರೆ ದಾರಿಯಿಲ್ಲ. ಆ ದಾರಿಯಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂಬುದೇ ಕೆಳಗಿನ ಹೆಚ್ಚಿನ ಉತ್ತರಗಳ ವಿಷಯ.

ಅಂಚೆ ಮತ ಯಾರು ಯಾರಿಗೆ ಸಿಗುತ್ತದೆ? ಊರಲ್ಲಿ ಇರುವುದಿಲ್ಲ ಎಂದರೆ ಕೊಡುತ್ತಾರಾ?

ಊರಲ್ಲಿ ಇರುವುದಿಲ್ಲ ಎಂಬ ಕಾರಣಕ್ಕೆ ಕೊಡುವುದಿಲ್ಲ. ಮದುವೆ, ಪ್ರವಾಸ, ಬೆಂಗಳೂರಿನ ಕೆಲಸ, ಹಾಸ್ಟೆಲ್ಲಿನ ಪರೀಕ್ಷೆ, ಯಾವುದೂ ನಡೆಯದು. 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ ಹೆಸರಿಸಿದ ವರ್ಗಗಳಿಗೆ ಮಾತ್ರ ಇದು ಮೀಸಲು: ಸೇನೆ ಮತ್ತು ಅರೆಸೇನಾ ಪಡೆಗಳಲ್ಲಿರುವ ಸೇವಾ ಮತದಾರರು, ಚುನಾವಣಾ ಕರ್ತವ್ಯಕ್ಕೆ ನೇಮಕವಾದವರು, ಮುನ್ನೆಚ್ಚರಿಕೆ ಬಂಧನದಲ್ಲಿರುವವರು, 85 ವರ್ಷ ದಾಟಿದ ಹಿರಿಯರು, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು, ಮತದಾನದ ದಿನವೂ ಕೆಲಸ ಬಿಡಲಾಗದ ಅಗತ್ಯ ಸೇವೆಯವರು. ರಾಷ್ಟ್ರಪತಿ, ರಾಜ್ಯಪಾಲರು, ಕೇಂದ್ರ ಮತ್ತು ರಾಜ್ಯ ಸಚಿವರಂಥ ಕೆಲವು ಹುದ್ದೆಗಳವರನ್ನು ‘ವಿಶೇಷ ಮತದಾರರು’ ಎಂದು ಕರೆಯುತ್ತಾರೆ, ಅವರಿಗೂ ಉಂಟು.

2024ರ ಚುನಾವಣೆಯ ಹೊತ್ತಿಗೆ ನಮ್ಮ ತಾಯಿಗೆ 82 ವರ್ಷ. 2023ರಲ್ಲಿ ಮನೆಗೇ ಬಂದು ಮತ ಹಾಕಿಸಿಕೊಂಡು ಹೋದರು. 2024ರಲ್ಲಿ ಯಾರೂ ಬರಲಿಲ್ಲ, ಯಾಕೆ?

ಮನೆಗೆ ಬಂದು ಹಾಕಿಸಿಕೊಳ್ಳುವುದೂ ಅಂಚೆ ಮತವೇ; ನಡುವೆ ಅದರ ನಿಯಮ ಬದಲಾಯಿತು. 2019ರ ತಿದ್ದುಪಡಿಯಲ್ಲಿ ಹಿರಿಯರ ವಯಸ್ಸಿನ ಮಿತಿ 80 ಎಂದಿತ್ತು. 2023ರ ಮೇ 10ರ ವಿಧಾನಸಭೆ ಚುನಾವಣೆ ನಡೆದದ್ದು ಅದೇ ಮಿತಿಯಲ್ಲಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 85ಕ್ಕೆ ಏರಿಸಿತು. ಹಾಗಾಗಿ ಏಪ್ರಿಲ್ 26ರ ಲೋಕಸಭೆ ಚುನಾವಣೆಗೆ 80ರಿಂದ 85ರ ನಡುವಿನವರೆಲ್ಲ ಮತ್ತೆ ಮತಗಟ್ಟೆಯ ಪಾಲಾದರು. ಅವರಿಗೆ ಶೇ 40ರ ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ ಆ ದಾರಿಯಲ್ಲಿ ಮನೆಯಿಂದ ಮತ ಹಾಕಬಹುದು.

ಇಲ್ಲೊಂದು ಮಾತು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರು ಎಷ್ಟೋ ಜನ ಪ್ರಮಾಣಪತ್ರವನ್ನೇ ಮಾಡಿಸಿರುವುದಿಲ್ಲ. ಕಣ್ಣಿಗೆ ಕಾಣುವ ಕಷ್ಟ ನಿಯಮಕ್ಕೆ ಸಾಲದು, ಕಾಗದ ಬೇಕು. ಚುನಾವಣೆ ಘೋಷಣೆಯಾದ ಮೇಲೆ ಯುಡಿಐಡಿಗೆ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ, ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯ ತಪಾಸಣೆ ಮುಗಿಸಿ, ಕಾರ್ಡ್ ಕೈಗೆ ಬರುವ ಹೊತ್ತಿಗೆ ಅರ್ಜಿಯ ಗಡುವು ಕಳೆದಿರುತ್ತದೆ. ಮಾಡಿಸುವುದಾದರೆ ಚುನಾವಣೆ ಇಲ್ಲದ ದಿನಗಳಲ್ಲೇ ಮಾಡಿಸಿಡಿ.

ಹಿರಿಯರು, ಅಂಗವಿಕಲರು ಅರ್ಜಿ ಹಾಕುವುದು ಹೇಗೆ?

ನಮೂನೆ 12ಡಿ. ಚುನಾವಣೆ ಘೋಷಣೆಯ ನಂತರ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ಪಟ್ಟಿಯಲ್ಲಿರುವ ಅರ್ಹರ ಮನೆಗೆ ಹೋಗಿ ಈ ನಮೂನೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳುತ್ತಾರೆ. ಬೇಡ ಎನ್ನುವ ಹಕ್ಕು ನಿಮಗಿದೆ. ಬೇಕು ಎಂದಾದರೆ ತುಂಬಿದ ಅರ್ಜಿ ಅಧಿಸೂಚನೆ ಹೊರಟ ದಿನದಿಂದ ಐದು ದಿನದೊಳಗೆ ಚುನಾವಣಾಧಿಕಾರಿಗೆ ಸೇರಬೇಕು. ಲೆಕ್ಕ ಹಾಕಬೇಕಾದದ್ದು ಅಧಿಸೂಚನೆಯ ದಿನದಿಂದ, ಮತದಾನದ ದಿನದಿಂದಲ್ಲ. 2024ರಲ್ಲಿ ನಮ್ಮ ಭಾಗಕ್ಕೆ ಅಧಿಸೂಚನೆ ಹೊರಟದ್ದು ಮಾರ್ಚ್ 28ರಂದು, ಮತದಾನ ಏಪ್ರಿಲ್ 26ರಂದು. ‘ಇನ್ನೂ ತಿಂಗಳಿದೆಯಲ್ಲ’ ಎಂದು ಕೂತವರಿಗೆ ಏಪ್ರಿಲ್ ಮೊದಲ ವಾರದಲ್ಲೇ ಬಾಗಿಲು ಮುಚ್ಚಿತ್ತು.

ಅರ್ಜಿಯಲ್ಲಿ ಹೆಸರು, ವಿಳಾಸ, ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ, ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮೊಬೈಲ್ ನಂಬರ್ ಬೇಕು. ಅಂಗವಿಕಲರು ಪ್ರಮಾಣಪತ್ರದ ಪ್ರತಿ ಲಗತ್ತಿಸಬೇಕು. ಮೊಬೈಲ್ ನಂಬರ್ ಅಂದರೆ ಮನೆಯಲ್ಲಿ ಫೋನ್ ಎತ್ತುವವರ ನಂಬರ್. ತಂಡ ಬರುವ ದಿನ ತಿಳಿಸುವುದು ಅದಕ್ಕೇ. ಕಳೆದ ಸಲ ಕೊಟ್ಟ ಅರ್ಜಿ ಈ ಸಲಕ್ಕೆ ಲೆಕ್ಕವಿಲ್ಲ, ಪ್ರತಿ ಚುನಾವಣೆಗೂ ಹೊಸದು.

ಅರ್ಜಿ ಕೊಟ್ಟ ಮೇಲೆ ‘ಬೂತಿಗೇ ಹೋಗುತ್ತೇನೆ’ ಎಂದು ಅಜ್ಜ ಹಟ ಹಿಡಿದರೆ?

ಆಗದು. 12ಡಿ ಅಂಗೀಕಾರವಾದೊಡನೆ ಮತಗಟ್ಟೆಯ ಪಟ್ಟಿಯಲ್ಲಿ ಅವರ ಹೆಸರಿನ ಎದುರು ‘ಪಿಬಿ’ (ಪೋಸ್ಟಲ್ ಬ್ಯಾಲೆಟ್, ಅಂದರೆ ಅಂಚೆ ಮತಪತ್ರ) ಎಂದು ಗುರುತು ಬೀಳುತ್ತದೆ. ಆ ಗುರುತು ಇರುವವರಿಗೆ ಯಂತ್ರದಲ್ಲಿ ಮತ ಹಾಕಲು ಬಿಡುವುದಿಲ್ಲ. ಮನೆಗೆ ಬಂದಾಗ ಹಾಕದೆ ಬಿಟ್ಟಿದ್ದರೂ ಅಷ್ಟೇ. ಮತದಾನದ ದಿನ ಆಟೋ ಮಾಡಿಕೊಂಡು ಬಂದು, ಮತಗಟ್ಟೆಯ ಅಧಿಕಾರಿಯೊಂದಿಗೆ ವಾದ ಮಾಡಿ, ಬೇಜಾರಾಗಿ ವಾಪಸಾಗುವವರು ಇದ್ದೇ ಇರುತ್ತಾರೆ. ಆ ಅಧಿಕಾರಿಯ ಕೈಯಲ್ಲಿ ಮಾಡುವಂಥದ್ದು ಏನೂ ಇರುವುದಿಲ್ಲ.

ಆದ್ದರಿಂದ ಮನೆಯವರು ತಾವಾಗಿಯೇ ನಿರ್ಧರಿಸಿ ಅರ್ಜಿ ತುಂಬುವುದು ಸರಿಯಲ್ಲ. ಬೂತಿಗೆ ಹೋಗಿ ಶಾಯಿ ಹಚ್ಚಿಸಿಕೊಂಡು ನಾಲ್ಕು ಜನರನ್ನು ಮಾತಾಡಿಸಿ ಬರುವುದು ಕೆಲವು ಹಿರಿಯರಿಗೆ ಮತದಷ್ಟೇ ಮುಖ್ಯ. ಮತಗಟ್ಟೆಯಲ್ಲಿ ಇಳಿಜಾರು ದಾರಿ, ಗಾಲಿಕುರ್ಚಿ ಇರಬೇಕು, ವೃದ್ಧರು ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗುವಂತಿರಬೇಕು ಎಂಬುದು ಭಾರತ ಚುನಾವಣಾ ಆಯೋಗದ ಸೂಚನೆ. ಅವರನ್ನೇ ಕೇಳಿ.

ತಂಡ ಮನೆಗೆ ಬಂದಾಗ ಏನು ನಡೆಯುತ್ತದೆ?

ಇಬ್ಬರು ಮತಗಟ್ಟೆ ಸಿಬ್ಬಂದಿ, ಒಬ್ಬ ವಿಡಿಯೊಗ್ರಾಫರ್, ಭದ್ರತೆಗೆ ಪೊಲೀಸರು. ಜೊತೆಗೆ ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಮೈಕ್ರೊ ಅಬ್ಸರ್ವರ್ ಬರುವುದೂ ಉಂಟು. ಬರುವ ದಿನದ ಮಾಹಿತಿ ನಿಮಗೂ ಹೋಗಿರುತ್ತದೆ, ಅಭ್ಯರ್ಥಿಗಳಿಗೂ ಹೋಗಿರುತ್ತದೆ. ಅಭ್ಯರ್ಥಿಗಳು ತಮ್ಮ ಪ್ರತಿನಿಧಿಯನ್ನು ಕಳಿಸಿ ನೋಡಬಹುದು, ಆದರೆ ಮತ ಹಾಕುವ ಜಾಗಕ್ಕೆ ಅವರಿಗೆ ಪ್ರವೇಶವಿಲ್ಲ.

ಮೊದಲು ಗುರುತಿನ ಚೀಟಿ ನೋಡುತ್ತಾರೆ. ಮತಪತ್ರ, ಎರಡು ಲಕೋಟೆ, ಮತಪತ್ರ ತಮ್ಮದೇ ಎಂದು ಬರೆದುಕೊಡುವ ಒಂದು ಘೋಷಣಾ ಪತ್ರ ಕೊಡುತ್ತಾರೆ. ರಟ್ಟಿನ ಮರೆ ಇಟ್ಟು, ಅದರ ಹಿಂದೆ ಪೆನ್ನಿನಲ್ಲಿ ಗುರುತು ಮಾಡಿಸುತ್ತಾರೆ. ಮತಪತ್ರ ಮಡಚಿ ಚಿಕ್ಕ ಲಕೋಟೆಗೆ ಹಾಕಿ ಅಂಟಿಸಬೇಕು. ಘೋಷಣೆಗೆ ಸಹಿ ಅಥವಾ ಹೆಬ್ಬೆಟ್ಟು, ಅದರ ಕೆಳಗೆ ಅಧಿಕಾರಿಯ ದೃಢೀಕರಣ. ಎರಡನ್ನೂ ದೊಡ್ಡ ಲಕೋಟೆಗೆ ಸೇರಿಸಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಕ್ಯಾಮೆರಾ ಈ ಎಲ್ಲವನ್ನೂ ಹಿಡಿಯುತ್ತದೆ, ಗುರುತು ಮಾಡುವುದನ್ನು ಮಾತ್ರ ಹಿಡಿಯುವಂತಿಲ್ಲ.

ದೃಷ್ಟಿ ಇಲ್ಲದವರು ಅಥವಾ ಕೈ ಆಡದವರು ವಯಸ್ಕರೊಬ್ಬರ ನೆರವು ಪಡೆಯಬಹುದು. ಮೊದಲ ಭೇಟಿಯಲ್ಲಿ ಮತದಾರರು ಸಿಗದಿದ್ದರೆ ತಂಡ ಇನ್ನೊಮ್ಮೆ ಬರುತ್ತದೆ. ಎರಡನೆಯ ಸಲವೂ ಸಿಗದಿದ್ದರೆ ಆ ಚುನಾವಣೆಗೆ ಅವರ ಮತ ಇಲ್ಲ. ಆಸ್ಪತ್ರೆಗೆ ಹೋಗುವುದಿದ್ದರೆ ಬಿಎಲ್‌ಒಗೆ ಮುಂಚೆಯೇ ಒಂದು ಫೋನ್ ಮಾಡಿ.

ಅಜ್ಜಿಯ ಹೆಸರು ಮದ್ದೂರಿನ ಪಟ್ಟಿಯಲ್ಲಿದೆ, ಆದರೆ ಇರುವುದು ಬೆಂಗಳೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿ. ಅಲ್ಲಿಗೆ ಬರುತ್ತಾರಾ?

ಬರುವುದಿಲ್ಲ. ತಂಡ ತನ್ನ ಕ್ಷೇತ್ರದೊಳಗೆ ಮಾತ್ರ ಓಡಾಡುತ್ತದೆ. ಭೇಟಿಯ ದಿನ ಅಜ್ಜಿಯನ್ನು ಊರಿಗೆ ಕರೆತರಬೇಕು, ಇಲ್ಲವೇ ಖಾಯಂ ಅಲ್ಲೇ ಇರುವುದಾದರೆ ನಮೂನೆ 8ರಲ್ಲಿ ಹೆಸರನ್ನು ಬೆಂಗಳೂರಿನ ವಿಳಾಸಕ್ಕೆ ವರ್ಗಾಯಿಸಿಕೊಳ್ಳಬೇಕು. ‘ಊರಿನ ಓಟು ಬಿಡುವುದಿಲ್ಲ’ ಎನ್ನುವುದಾದರೆ ಪ್ರಯಾಣ ತಪ್ಪಿದ್ದಲ್ಲ.

ನಾನು ಶಿಕ್ಷಕಿ, ಚುನಾವಣಾ ಕರ್ತವ್ಯದ ಆದೇಶ ಬಂದಿದೆ. ನನಗೆ ಅಂಚೆ ಮತವೋ, ಇಡಿಸಿಯೋ?

ನಿಮ್ಮ ಮತ ಇರುವ ಕ್ಷೇತ್ರ ಮತ್ತು ಕರ್ತವ್ಯದ ಕ್ಷೇತ್ರ ಒಂದೇ ಆಗಿದ್ದರೆ ಇಡಿಸಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ. ಅದನ್ನು ತೋರಿಸಿ, ನೀವು ಕೆಲಸ ಮಾಡುವ ಮತಗಟ್ಟೆಯಲ್ಲೇ ಯಂತ್ರದಲ್ಲಿ ಮತ ಹಾಕಬಹುದು. ಕ್ಷೇತ್ರ ಬೇರೆಯಾದರೆ ಅಂಚೆ ಮತಪತ್ರ.

ಎಡವಟ್ಟಾಗುವುದು ‘ಕ್ಷೇತ್ರ’ ಎಂದರೆ ಯಾವುದು ಎಂಬಲ್ಲಿ. ವಿಧಾನಸಭೆ ಚುನಾವಣೆಯಲ್ಲಿ ಅದು ವಿಧಾನಸಭಾ ಕ್ಷೇತ್ರ, ಲೋಕಸಭೆಯಲ್ಲಿ ಲೋಕಸಭಾ ಕ್ಷೇತ್ರ. ಮತ ಕೃಷ್ಣರಾಜ ಕ್ಷೇತ್ರದಲ್ಲಿ, ಕರ್ತವ್ಯ ಹುಣಸೂರಿನಲ್ಲಿ ಎಂದುಕೊಳ್ಳಿ. ವಿಧಾನಸಭೆಗಾದರೆ ಅಂಚೆ ಮತ. ಲೋಕಸಭೆಗಾದರೆ ಎರಡೂ ಮೈಸೂರು ಕ್ಷೇತ್ರವೇ, ಹಾಗಾಗಿ ಇಡಿಸಿ.

ಜಿಲ್ಲೆಯ ಗಡಿಯನ್ನು ನಂಬಿದರೆ ಕೆಟ್ಟಿರಿ. ಕೃಷ್ಣರಾಜನಗರ ಮೈಸೂರು ಜಿಲ್ಲೆಯಲ್ಲಿದ್ದರೂ ಸೇರುವುದು ಮಂಡ್ಯ ಲೋಕಸಭೆಗೆ. ವರುಣ, ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಸೇರುವುದು ಚಾಮರಾಜನಗರಕ್ಕೆ. ಕೊಡಗಿನ ಮಡಿಕೇರಿ, ವಿರಾಜಪೇಟೆ ಬರುವುದು ಮೈಸೂರಿಗೆ. ಆದ್ದರಿಂದ ಕೆ.ಆರ್. ನಗರದ ಮತದಾರರಿಗೆ ಹುಣಸೂರಿನಲ್ಲಿ ಕರ್ತವ್ಯ ಬಿದ್ದರೆ, ಒಂದೇ ಜಿಲ್ಲೆ, ಪಕ್ಕದ ತಾಲ್ಲೂಕು ಆದರೂ, ಲೋಕಸಭೆಗೆ ಬೇಕಾದದ್ದು ಅಂಚೆ ಮತ, ಅದೂ ಮಂಡ್ಯದ ಚುನಾವಣಾಧಿಕಾರಿಯಿಂದ. ಮಡಿಕೇರಿಯಲ್ಲಿ ಬಿದ್ದರೂ ಹಾಗೆಯೇ. ಅದೇ ಮಂಡ್ಯ ಅಥವಾ ನಾಗಮಂಗಲದಲ್ಲಿ ಬಿದ್ದರೆ ಇಡಿಸಿ ಸಾಕು.

ಅಂಚೆ ಮತಕ್ಕೆ ನಮೂನೆ 12, ಇಡಿಸಿಗೆ ನಮೂನೆ 12ಎ. ನಿಯಮದ ಪ್ರಕಾರ ಮೊದಲನೆಯದು ಮತದಾನಕ್ಕೆ ಏಳು ದಿನ ಮುಂಚೆ, ಎರಡನೆಯದು ನಾಲ್ಕು ದಿನ ಮುಂಚೆ ಚುನಾವಣಾಧಿಕಾರಿಯ ಕೈ ಸೇರಬೇಕು. ಗಡುವನ್ನು ಸಡಿಲಿಸುವ ಅಧಿಕಾರ ಅವರಿಗಿದೆ. ರೂಢಿಯಲ್ಲಿ ಮೊದಲ ತರಬೇತಿಯ ದಿನವೇ ನಮೂನೆ ಹಂಚುತ್ತಾರೆ. ಆ ದಿನ ಎಪಿಕ್ ಕಾರ್ಡು, ಕರ್ತವ್ಯದ ಆದೇಶದ ಪ್ರತಿ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಜೊತೆಗಿರಲಿ. ಸಂಖ್ಯೆಗಳನ್ನು ಹಳೆಯ ಚೀಟಿಯಿಂದ ನಕಲು ಮಾಡಬೇಡಿ, ಪಟ್ಟಿ ಪರಿಷ್ಕರಣೆಯಾದಾಗ ಕ್ರಮ ಸಂಖ್ಯೆ ಬದಲಾಗುತ್ತದೆ. ಎಪಿಕ್ ಸಂಖ್ಯೆ ಹಾಕಿ ಆಯೋಗದ ಜಾಲತಾಣದಲ್ಲಿ ಅಂದೇ ನೋಡಿ ಬರೆಯಿರಿ. ಮೈಸೂರಿನಲ್ಲಿ ಕೆಲಸ, ಹೆಸರು ಮಾತ್ರ ಹುಟ್ಟೂರು ಮಳವಳ್ಳಿಯಲ್ಲಿ ಎನ್ನುವವರ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ, ಮತಪತ್ರ ಹಿಂತಿರುಗಿ ಬರಬೇಕು. ಅಂಥವರು ಮೊದಲ ದಿನವೇ ಕೊಡದಿದ್ದರೆ ಮತಪತ್ರ ಬರುವುದು ತಡವಾಗುತ್ತದೆ.

ಬಸ್ಸು, ಜೀಪಿನ ಚಾಲಕರು, ಕ್ಲೀನರ್‌ಗಳು, ಬಂದೋಬಸ್ತಿನ ಪೊಲೀಸರಿಗೂ ಈ ಸೌಲಭ್ಯ ಉಂಟು. ಹೆಚ್ಚು ತಪ್ಪಿಹೋಗುವುದು ಅವರದೇ ಮತ, ಯಾಕೆಂದರೆ ಅವರನ್ನು ಯಾವ ತರಬೇತಿಗೂ ಕರೆಯುವುದಿಲ್ಲ. ಇಲಾಖೆಯ ನೋಡಲ್ ಅಧಿಕಾರಿಯನ್ನು, ಅಂದರೆ ಈ ಕೆಲಸದ ಹೊಣೆ ಹೊತ್ತವರನ್ನು, ಕೇಳಿ ನಮೂನೆ ಪಡೆಯಬೇಕು.

ಮತಪತ್ರವನ್ನು ಮನೆಗೆ ತೆಗೆದುಕೊಂಡು ಹೋಗಿ ನಿಧಾನವಾಗಿ ಹಾಕಿ ಕಳಿಸಬಾರದೇ?

ಹಿಂದೆ ಹಾಗೆ ಮಾಡಬಹುದಿತ್ತು. 2023ರ ಆಗಸ್ಟ್‌ನಲ್ಲಿ ನಿಯಮಕ್ಕೆ ತಿದ್ದುಪಡಿ ತಂದರು. ಈಗ ಚುನಾವಣಾ ಕರ್ತವ್ಯದವರು ಫೆಸಿಲಿಟೇಶನ್ ಸೆಂಟರ್‌ನಲ್ಲೇ ಮತಪತ್ರ ಪಡೆದು, ಅಲ್ಲೇ ಗುರುತು ಮಾಡಿ, ಅಲ್ಲೇ ಪೆಟ್ಟಿಗೆಗೆ ಹಾಕಬೇಕು. ತರಬೇತಿ ಸ್ಥಳದಲ್ಲಿ, ಚುನಾವಣಾಧಿಕಾರಿಯ ಕಚೇರಿಯಲ್ಲಿ ಈ ಕೇಂದ್ರ ಇರುತ್ತದೆ; ಘೋಷಣೆಯನ್ನು ದೃಢೀಕರಿಸಲು ಪತ್ರಾಂಕಿತ ಅಧಿಕಾರಿಯೂ ಅಲ್ಲೇ ಕೂತಿರುತ್ತಾರೆ.

ಇದರಿಂದ ಸ್ವಲ್ಪ ಅನುಕೂಲ ಹೋಯಿತು ಎಂಬುದು ನಿಜ. ಆದರೆ ಹಳೆಯ ಪದ್ಧತಿಯ ಅಪಾಯ ದೊಡ್ಡದಿತ್ತು. ಎಣಿಕೆಯ ಬೆಳಗಿನವರೆಗೆ ಮತಪತ್ರ ಕೈಯಲ್ಲೇ ಇರುತ್ತಿತ್ತು. ಅದನ್ನು ತೋರಿಸಿ ದುಡ್ಡು ಕೇಳುವವರು, ‘ತಂದು ತೋರಿಸಿ ಹಾಕು’ ಎಂದು ಒತ್ತಾಯಿಸುವವರು, ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಬಿಡುವವರು, ಎಲ್ಲರಿಗೂ ಬೇಕಾದಷ್ಟು ಸಮಯ ಸಿಗುತ್ತಿತ್ತು. ನಮ್ಮ ಮಟ್ಟಿಗೆ ಈ ತಿದ್ದುಪಡಿ ಸರಿಯಾದದ್ದೇ.

ಲಕೋಟೆಗಳ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಯಾವುದು ಯಾವುದರೊಳಗೆ?

ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಅಪಾಯ ಕಳೆದಂತೆ. ಕೈಗೆ ಬರುವುದು ನಾಲ್ಕು: ಮತಪತ್ರ, ಘೋಷಣೆ, ಅಂದರೆ ನಮೂನೆ 13ಎ, ಚಿಕ್ಕ ಲಕೋಟೆ 13ಬಿ, ದೊಡ್ಡ ಲಕೋಟೆ 13ಸಿ. ಜೊತೆಗೆ ಸೂಚನೆಗಳ ಹಾಳೆ 13ಡಿ.

ಮತಪತ್ರದಲ್ಲಿ ನಿಮ್ಮ ಅಭ್ಯರ್ಥಿಯ ಹೆಸರಿನ ಎದುರು ಪೆನ್ನಿನಿಂದ ಒಂದು ಸ್ಪಷ್ಟ ಗುರುತು: ರೈಟ್ ಅಥವಾ ಇಂಟು. ಯಾರೂ ಬೇಡವೆಂದರೆ ಕೊನೆಯಲ್ಲಿ ನೋಟಾ ಇದೆ. ಮತಪತ್ರ ಮಡಚಿ ಚಿಕ್ಕ ಲಕೋಟೆಗೆ ಹಾಕಿ, ಅಂಟಿಸಿ. ಆ ಲಕೋಟೆಯ ಮೇಲೆ ಮತಪತ್ರದ ಕ್ರಮ ಸಂಖ್ಯೆ ಇರಬೇಕು. ಮುಂಚೆಯೇ ಬರೆದಿಲ್ಲದಿದ್ದರೆ ನೀವು ಬರೆಯಿರಿ. ಅದೇ ಸಂಖ್ಯೆ ಘೋಷಣೆಯಲ್ಲೂ ಇರಬೇಕು. ಘೋಷಣೆಗೆ ಅಧಿಕಾರಿಯ ಎದುರೇ ಸಹಿ ಮಾಡಿ, ಅವರ ಸಹಿ ಮತ್ತು ಮೊಹರು ಹಾಕಿಸಿ. ಕೊನೆಗೆ ಅಂಟಿಸಿದ ಚಿಕ್ಕ ಲಕೋಟೆ, ಮತ್ತು ಅದರ ಹೊರಗೆ ಬಿಡಿಯಾಗಿ ಘೋಷಣೆ, ಎರಡೂ ದೊಡ್ಡ ಲಕೋಟೆಯೊಳಗೆ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ‘ಬಿಡಿಯಾಗಿ’ ಎಂಬಲ್ಲಿ. ಎಣಿಕೆಯ ಮೇಜಿನಲ್ಲಿ ದೊಡ್ಡ ಲಕೋಟೆ ತೆರೆದಾಗ ಮೊದಲು ಹುಡುಕುವುದು ಘೋಷಣೆಯನ್ನು. ಮತದಾರರು ಅದನ್ನೂ ಮತಪತ್ರದ ಜೊತೆ ಚಿಕ್ಕ ಲಕೋಟೆಗೇ ಹಾಕಿ ಅಂಟಿಸಿದ್ದರೆ, ಮೇಜಿನ ಮೇಲಿರುವವರ ಪಾಲಿಗೆ ಘೋಷಣೆ ಇಲ್ಲ. ಘೋಷಣೆ ಇಲ್ಲದಿದ್ದರೆ ಚಿಕ್ಕ ಲಕೋಟೆಯನ್ನು ತೆರೆಯುವಂತೆಯೇ ಇಲ್ಲ. ಒಳಗೆ ಎರಡೂ ಸರಿಯಾಗಿಯೇ ಇದ್ದರೂ ಮತ ಹೋಯಿತು.

ಇನ್ನು ಯಾವ ಯಾವ ಕಾರಣಕ್ಕೆ ತಿರಸ್ಕರಿಸುತ್ತಾರೆ?

ತಿರಸ್ಕಾರ ಎರಡು ಹಂತದಲ್ಲಿ ಆಗುತ್ತದೆ. ಮೊದಲ ಹಂತದಲ್ಲಿ ಮತಪತ್ರವನ್ನು ನೋಡುವುದೇ ಇಲ್ಲ. ಘೋಷಣೆ ಇಲ್ಲ, ಅದರಲ್ಲಿ ಮತದಾರರ ಸಹಿ ಇಲ್ಲ, ದೃಢೀಕರಣ ಇಲ್ಲ, ಘೋಷಣೆಯಲ್ಲಿನ ಮತಪತ್ರ ಸಂಖ್ಯೆಗೂ ಚಿಕ್ಕ ಲಕೋಟೆಯ ಸಂಖ್ಯೆಗೂ ತಾಳೆಯಿಲ್ಲ ಎಂದರೆ ಲಕೋಟೆ ಬದಿಗೆ ಹೋಗುತ್ತದೆ. ಎಣಿಕೆ ಶುರುವಾಗುವ ಹೊತ್ತು ಮೀರಿ ಬಂದ ದೊಡ್ಡ ಲಕೋಟೆಯನ್ನಂತೂ ತೆರೆಯುವುದೇ ಇಲ್ಲ.

ಎರಡನೆಯ ಹಂತದಲ್ಲಿ ಮತಪತ್ರದ್ದೇ ದೋಷ: ಯಾರಿಗೂ ಹಾಕಿಲ್ಲ, ಒಬ್ಬರಿಗಿಂತ ಹೆಚ್ಚು ಜನರಿಗೆ ಹಾಕಲಾಗಿದೆ, ಗುರುತು ಯಾರಿಗೆ ಸೇರಿದ್ದೆಂದು ಹೇಳಲಾಗದಂತೆ ಎರಡು ಹೆಸರಿನ ನಡುವಿನ ಗೆರೆಯ ಮೇಲಿದೆ, ಮತಪತ್ರ ನಕಲಿ, ಗುರುತಿಸಲಾಗದಷ್ಟು ಹರಿದಿದೆ, ಕೊಟ್ಟ ಲಕೋಟೆಯಲ್ಲಿ ಬಂದಿಲ್ಲ. ಮತದಾರರು ಯಾರೆಂದು ತಿಳಿಯುವಂಥ ಯಾವುದೇ ಬರಹ ಇದ್ದರೂ ತಿರಸ್ಕಾರವೇ. ಸರ್ಕಾರಿ ನೌಕರರು ಅಭ್ಯಾಸಬಲದಿಂದ ಮತಪತ್ರದ ಕೆಳಗೂ ಒಂದು ಸಹಿ ಹಾಕಿಬಿಡುವುದುಂಟು. ಅದರ ಜೊತೆ ಮತವೂ ಹೋಗುತ್ತದೆ. ವೇತನ, ಪಿಂಚಣಿ ಕುರಿತ ಬೇಡಿಕೆಗಳನ್ನು ಬರೆಯುವ ಜಾಗವೂ ಅದಲ್ಲ.

ಗುರುತು ಸ್ವಲ್ಪ ಮಸುಕಾಗಿದೆ, ಒಬ್ಬರಿಗೇ ಎರಡು ಸಲ ಗುರುತು ಹಾಕಿದ್ದಾರೆ ಎಂಬಷ್ಟಕ್ಕೆ ತಿರಸ್ಕರಿಸುವಂತಿಲ್ಲ. ಯಾರಿಗೆಂಬುದು ಸ್ಪಷ್ಟವಿದ್ದರೆ ಸಾಕು. ಎಣಿಕೆ ಏಜೆಂಟರು ಇದನ್ನು ನೆನಪಿಡಬೇಕು.

ಲೈನ್‌ಮನ್, ಆಂಬುಲೆನ್ಸ್ ಚಾಲಕ, ರೈಲ್ವೆ ನೌಕರರು ಏನು ಮಾಡಬೇಕು?

ಅಗತ್ಯ ಸೇವೆಗಳ ಪಟ್ಟಿಯನ್ನು ಆಯೋಗ ಪ್ರತಿ ಚುನಾವಣೆಗೂ ಅಧಿಸೂಚಿಸುತ್ತದೆ. ನಿಮ್ಮ ಇಲಾಖೆ ಅದರಲ್ಲಿದ್ದರೆ, ಇಲಾಖೆಯ ನೋಡಲ್ ಅಧಿಕಾರಿ ‘ಇವರು ಅಂದು ಕರ್ತವ್ಯದಲ್ಲಿರುತ್ತಾರೆ’ ಎಂದು ನಮೂನೆ 12ಡಿಯನ್ನು ದೃಢೀಕರಿಸಬೇಕು. ಗಡುವು ಹಿರಿಯರಿಗೆ ಇರುವಂಥದ್ದೇ, ಅಧಿಸೂಚನೆಯಿಂದ ಐದು ದಿನ. ಇವರ ಮನೆಗೆ ತಂಡ ಬರುವುದಿಲ್ಲ. ಮತದಾನಕ್ಕೆ ಮುಂಚೆ ಮೂರು ದಿನ ತೆರೆದಿರುವ ಅಂಚೆ ಮತದಾನ ಕೇಂದ್ರಕ್ಕೆ ಇವರೇ ಹೋಗಬೇಕು. ಪಾಳಿ ನೋಡಿಕೊಂಡು ಮೊದಲ ದಿನವೇ ಹೋಗಿಬನ್ನಿ. ಮೂರನೆಯ ದಿನ ಸಂಜೆ ಕಂಬ ಬಿದ್ದರೆ ಯಾರೂ ಕಾಯುವುದಿಲ್ಲ.

ಮಗ ಸೇನೆಯಲ್ಲಿದ್ದಾನೆ. ಅವನ ಮತ ಹೇಗೆ ಬರುತ್ತದೆ?

ಕೊಡಗಿನ ಎರಡು ಕ್ಷೇತ್ರಗಳೂ ಸೇರಿರುವ ಮೈಸೂರು ಲೋಕಸಭೆಗೆ ಇದು ಸಣ್ಣ ವಿಷಯವಲ್ಲ. ಸೇವಾ ಮತದಾರರ ಹೆಸರು ಪಟ್ಟಿಯ ಕೊನೆಯ ಭಾಗದಲ್ಲಿ ಪ್ರತ್ಯೇಕವಾಗಿರುತ್ತದೆ. 2016ರ ತಿದ್ದುಪಡಿಯ ನಂತರ ಅವರಿಗೆ ಖಾಲಿ ಮತಪತ್ರ ಹೋಗುವುದು ಇಂಟರ್ನೆಟ್ ಮೂಲಕ, ಇಟಿಪಿಬಿಎಸ್ ಎಂಬ ವ್ಯವಸ್ಥೆಯಲ್ಲಿ. ಒಟಿಪಿ, ಪಿನ್ ಹಾಕಿ ಇಳಿಸಿಕೊಂಡು, ಮುದ್ರಿಸಿ, ಗುರುತು ಮಾಡಿ, ಮೇಲಧಿಕಾರಿಯಿಂದ ಘೋಷಣೆ ದೃಢೀಕರಿಸಿಕೊಂಡು ಅಂಚೆಯಲ್ಲಿ ಹಿಂದಕ್ಕೆ ಕಳಿಸಬೇಕು. ಹೋಗುವಾಗ ಕ್ಷಣ, ಬರುವಾಗ ಮಾತ್ರ ಅದೇ ಅಂಚೆ ಚೀಲ. ಲಕೋಟೆ ಮತ್ತು ಘೋಷಣೆಯ ಮೇಲಿನ ಕ್ಯೂಆರ್ ಕೋಡನ್ನು ಎಣಿಕೆಯ ದಿನ ಸ್ಕ್ಯಾನ್ ಮಾಡುತ್ತಾರೆ. ಒಬ್ಬರದೇ ಎರಡು ಬಂದಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಮುದ್ರಿಸುವಾಗ ಕೋಡ್ ಮಸುಕಾಗದಂತೆ, ಅದರ ಮೇಲೆ ಗೋಂದು, ಮಡಿಕೆ ಬೀಳದಂತೆ ನೋಡಿಕೊಳ್ಳಲು ಮಗನಿಗೆ ಹೇಳಿ.

ಸಮಯದ ಆಟ ನೋಡಿ. 2023ರಲ್ಲಿ ನಾಮಪತ್ರ ವಾಪಸಿನ ಕೊನೆಯ ದಿನ ಏಪ್ರಿಲ್ 24, ಎಣಿಕೆ ಮೇ 13: ನಡುವೆ 19 ದಿನ. ಅಭ್ಯರ್ಥಿಗಳ ಅಂತಿಮ ಪಟ್ಟಿ ಆಗದೆ ಮತಪತ್ರವೇ ಇಲ್ಲವಾದ್ದರಿಂದ, ಗಡಿಯ ಠಾಣೆಯಿಂದ ಪತ್ರ ಬರಲು ಇದ್ದದ್ದು ಅಷ್ಟೇ. 2024ರಲ್ಲಿ ವಾಪಸಿನ ಕೊನೆಯ ದಿನ ಏಪ್ರಿಲ್ 8, ಎಣಿಕೆ ಜೂನ್ 4: 57 ದಿನ. ಲೋಕಸಭೆಗೆ ಏಳು ಹಂತದ ಮತದಾನ ಎಲ್ಲರಿಗೂ ಕಾಯುವ ಶಿಕ್ಷೆಯಾದರೆ ಸೈನಿಕರಿಗೆ ವರವಾಯಿತು. ವಿಧಾನಸಭೆ ಚುನಾವಣೆಯಲ್ಲಿ ಮತಪತ್ರ ಬಂದ ದಿನವೇ ಹಾಕಿ ಕಳಿಸುವುದೇ ದಾರಿ.

ಜೊತೆಯಲ್ಲಿ ವಾಸಿಸುವ ಗಂಡ ಅಥವಾ ಹೆಂಡತಿಗೂ ಈ ಸೌಲಭ್ಯ ಸಿಗುತ್ತದೆ, ಮಕ್ಕಳಿಗೆ ಇಲ್ಲ. ಹಿಂದೆ ನಿಯಮದಲ್ಲಿ ‘ಹೆಂಡತಿ’ ಎಂದಷ್ಟೇ ಇತ್ತು. 2021ರ ಕಾಯ್ದೆ ತಿದ್ದುಪಡಿಯಲ್ಲಿ ಅದನ್ನು ‘ಸಂಗಾತಿ’ ಎಂದು ಮಾಡಿದರು. ಸೇವಾ ಮತದಾರರು ತಮ್ಮ ಪರವಾಗಿ ಊರಲ್ಲಿ ಒಬ್ಬರನ್ನು ಬದಲಿ ಮತದಾರರಾಗಿ ನೇಮಿಸುವ ಅವಕಾಶವೂ 2003ರಿಂದ ಇದೆ. ಅಂಚೆಯ ಭಯವಿಲ್ಲ, ಆದರೆ ಮತ ಪೂರ್ತಿ ಇನ್ನೊಬ್ಬರ ಕೈಗೆ ಹೋಗುತ್ತದೆ.

ಮಗಳು ಅಮೆರಿಕದಲ್ಲಿದ್ದಾಳೆ. ಭಾರತದ ಪಾಸ್‌ಪೋರ್ಟೇ ಇದೆ. ಅಂಚೆಯಲ್ಲಿ ಹಾಕಬಹುದೇ?

ಸದ್ಯಕ್ಕೆ ಇಲ್ಲ. ನಮೂನೆ 6ಎಯಲ್ಲಿ ಸಾಗರೋತ್ತರ ಮತದಾರಳಾಗಿ ಹೆಸರು ಸೇರಿಸಬಹುದು, ಆದರೆ ಮತ ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಬರಬೇಕು.

ಜೈಲಿನಲ್ಲಿರುವವರಿಗೆ?

ಶಿಕ್ಷೆಗೊಳಗಾದವರಿಗೂ ವಿಚಾರಣಾಧೀನ ಕೈದಿಗಳಿಗೂ ಮತದಾನವೇ ಇಲ್ಲ. ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಮಾತ್ರ ಅಂಚೆ ಮತ.

ಯಾರಿಗೆ ಹಾಕಿದೆ ಎಂದು ಗೊತ್ತಾಗುತ್ತದೆಯೇ? ಘೋಷಣೆಯಲ್ಲಿ ನನ್ನ ಹೆಸರೂ ಇದೆ, ಮತಪತ್ರದ ಸಂಖ್ಯೆಯೂ ಇದೆಯಲ್ಲ.

ಕೇಳಬೇಕಾದ ಪ್ರಶ್ನೆಯೇ. ಘೋಷಣೆಗಳನ್ನೆಲ್ಲ ಪರಿಶೀಲಿಸಿ, ಪ್ರತ್ಯೇಕ ಮಾಡಿ, ಮೊಹರು ಮಾಡಿದ ನಂತರವೇ ಚಿಕ್ಕ ಲಕೋಟೆಗಳನ್ನು ತೆರೆಯಬೇಕೆಂಬುದು ನಿಯಮ. ಹಾಗಾಗಿ ಹೆಸರು ಮತ್ತು ಗುರುತು ಮಾಡಿದ ಮತಪತ್ರ ಒಂದೇ ಹೊತ್ತಿಗೆ ಒಂದೇ ಮೇಜಿನ ಮೇಲೆ ಕಾಣಿಸಿಕೊಳ್ಳುವುದಿಲ್ಲ.

ಒಟ್ಟು ಲೆಕ್ಕ ಮಾತ್ರ ಬಯಲಾಗುತ್ತದೆ. ಅಂತಿಮ ಫಲಿತಾಂಶದ ನಮೂನೆ 20ರಲ್ಲಿ ಅಂಚೆ ಮತಗಳನ್ನು ಅಭ್ಯರ್ಥಿವಾರು ಬೇರೆಯಾಗಿ ತೋರಿಸುತ್ತಾರೆ. ‘ನೌಕರರು ಈ ಸಲ ಯಾರ ಕಡೆ ವಾಲಿದರು’ ಎಂಬ ಕಟ್ಟೆ ಪುರಾಣಕ್ಕೆ ಅದೇ ಮೂಲ. ವ್ಯಕ್ತಿಯ ಗುಟ್ಟು ಉಳಿಯುತ್ತದೆ, ಗುಂಪಿನ ಒಲವು ಉಳಿಯುವುದಿಲ್ಲ.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ?

ಮನೆಯೊಳಗಿದೆ. ಮತಗಟ್ಟೆಯ ಮರೆಯ ಹಿಂದೆ ಸೊಸೆಯೂ ಒಂಟಿ, ಮಾವನೂ ಒಂಟಿ. ಮನೆಯ ಹಾಲಿನಲ್ಲಿ ರಟ್ಟಿನ ಮರೆ ಇಟ್ಟರೂ, ‘ಅಜ್ಜಿಗೆ ಕಣ್ಣು ಮಂಜು, ನಾನು ಹಾಕಿಸುತ್ತೇನೆ’ ಎಂದು ಮೊಮ್ಮಗ ಮುಂದೆ ಬಂದರೆ, ಅದು ನೆರವೋ ಒತ್ತಡವೋ ಎಂದು ಎರಡು ನಿಮಿಷಕ್ಕೆ ಬಂದ ಸಿಬ್ಬಂದಿಗೆ ತಿಳಿಯುವುದು ಕಷ್ಟ. ಅಜ್ಜಿಗೆ ಸಹಾಯ ಬೇಡವಾದರೆ ಬೇಡವೆಂದು ತಂಡದೆದುರೇ ಹೇಳಬಹುದು. ಮನೆಯವರನ್ನು ಆಚೆ ಕಳಿಸಿ ಎಂದು ಕೇಳಬಹುದು. ಸಿಬ್ಬಂದಿಯೂ ಮೊದಲು ಮತದಾರರನ್ನೇ ಮಾತಾಡಿಸಬೇಕು, ಪಕ್ಕದಲ್ಲಿ ನಿಂತವರನ್ನಲ್ಲ.

ಇನ್ನೊಂದು, ಮತ ಬೇಗ ಹಾಕಿಯಾಗಿರುತ್ತದೆ. ಮತದಾನಕ್ಕೆ ವಾರ, ಹತ್ತು ದಿನ ಮುಂಚೆ ಹಾಕಿದವರು, ನಂತರ ಅಭ್ಯರ್ಥಿಯ ಬಗ್ಗೆ ಏನು ಹೊರಬಂದರೂ ಮತ ಬದಲಿಸುವಂತಿಲ್ಲ. ಹಾಕಿದ ಮತಗಳು ಎಣಿಕೆಯವರೆಗೆ ಭದ್ರತಾ ಕೊಠಡಿಯಲ್ಲಿರುತ್ತವೆ. 2024ರಲ್ಲಿ ಮತದಾನದಿಂದ ಎಣಿಕೆಗೆ 39 ದಿನ ಇತ್ತು. ಪೆಟ್ಟಿಗೆ ಇಡುವಾಗ, ತೆರೆಯುವಾಗ ಅಭ್ಯರ್ಥಿಗಳಿಗೆ ತಿಳಿಸಬೇಕು. ತಿಳಿಸಿದಾಗ ಅವರ ಕಡೆಯವರು ಹೋಗಲೂ ಬೇಕು.

ಇಷ್ಟು ಕಡಿಮೆ ಮತಗಳಿಂದ ಫಲಿತಾಂಶ ಬದಲಾಗುತ್ತದೆಯೇ?

ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ: 40,752ಕ್ಕೆ 40,751. ಬೆಂಗಳೂರಿನ ಜಯನಗರದಲ್ಲಿ 2023ರ ಮರು ಎಣಿಕೆಯ ನಂತರ ಉಳಿದ ಅಂತರ 16. ಇಂಥ ಕಡೆ ಒಂದು ಶಾಲೆಯ ಶಿಕ್ಷಕರ ಅಂಚೆ ಮತಗಳೇ ಹೆಚ್ಚು.

ಕಲಿಯಬೇಕಾದ ಪ್ರಕರಣ ಗುಜರಾತಿನದು. 2017ರಲ್ಲಿ ಧೋಲ್ಕಾದಲ್ಲಿ ಗೆಲುವಿನ ಅಂತರ 327, ಚುನಾವಣಾಧಿಕಾರಿ ತಿರಸ್ಕರಿಸಿದ್ದ ಅಂಚೆ ಮತಗಳು 429. ಆ ತಿರಸ್ಕಾರ ಕಾನೂನುಬಾಹಿರವೆಂದು 2020ರ ಮೇನಲ್ಲಿ ಗುಜರಾತ್ ಹೈಕೋರ್ಟ್ ಆಯ್ಕೆಯನ್ನೇ ರದ್ದು ಮಾಡಿತು; ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ತಿರಸ್ಕೃತ ಅಂಚೆ ಮತಗಳ ಸಂಖ್ಯೆ ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದರೆ, ಫಲಿತಾಂಶ ಘೋಷಿಸುವ ಮುನ್ನ ಅವೆಲ್ಲವನ್ನೂ ಮತ್ತೆ ಪರಿಶೀಲಿಸಲೇಬೇಕು ಎಂಬುದು ಆಯೋಗದ ಸೂಚನೆ. ಎಣಿಕೆ ಏಜೆಂಟರು ಅಂತರವನ್ನಷ್ಟೇ ಅಲ್ಲ, ತಿರಸ್ಕೃತದ ಲೆಕ್ಕವನ್ನೂ ಬರೆದಿಟ್ಟುಕೊಳ್ಳಬೇಕು.

ಅಂಚೆ ಮತ ಎಣಿಸುವುದು ಮೊದಲೋ ಕೊನೆಗೋ?

ಮೊದಲು. ಬೆಳಿಗ್ಗೆ 8ಕ್ಕೆ ಅಂಚೆ ಮತ, 8.30ಕ್ಕೆ ಯಂತ್ರಗಳು. ಆದರೆ ಒಂದೊಂದೇ ಲಕೋಟೆ ತೆರೆದು ನೋಡುವ ಕೆಲಸ ನಿಧಾನ. ಯಂತ್ರದ ಎಣಿಕೆ ಮುಂದೆ ಓಡಿ, ಅಂಚೆಯದು ಹಿಂದೆ ಉಳಿಯುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆಯೋಗ ಇದನ್ನು ಬಿಗಿ ಮಾಡಿತು: ಅಂಚೆ ಮತಗಳ ಎಣಿಕೆ ಮುಗಿಯದೆ ಯಂತ್ರಗಳ ಕೊನೆಯಿಂದ ಎರಡನೆಯ ಸುತ್ತನ್ನು ಶುರು ಮಾಡುವಂತಿಲ್ಲ.

ಇಷ್ಟೆಲ್ಲ ಅನುಕೂಲವಿದ್ದರೆ ಎಲ್ಲರಿಗೂ ಅಂಚೆ ಮತ ಕೊಡಬಾರದೇ?

ಕೊಟ್ಟ ದೇಶಗಳಿವೆ, ಕೊಟ್ಟು ಹಿಂದೆ ಪಡೆದ ದೇಶವೂ ಇದೆ. ಜರ್ಮನಿಯಲ್ಲಿ 1957ರಿಂದ ಅಂಚೆ ಮತ ನಡೆದುಬಂದಿದೆ. ಫ್ರಾನ್ಸ್ ವಂಚನೆಯ ಕಾರಣಕ್ಕೆ 1975ರಲ್ಲಿ ನಿಲ್ಲಿಸಿತು. ಬ್ರಿಟನ್ 2001ರಲ್ಲಿ ಕೇಳಿದವರಿಗೆಲ್ಲ ಕೊಡತೊಡಗಿತು. 2004ರ ಬರ್ಮಿಂಗ್‌ಹ್ಯಾಮ್ ನಗರಸಭೆ ಚುನಾವಣೆಯಲ್ಲಿ ಅಂಚೆ ಮತದ ವಂಚನೆ ಸಾಬೀತಾಗಿ, ಮರುವರ್ಷ ಎರಡು ವಾರ್ಡುಗಳ ಫಲಿತಾಂಶವನ್ನು ನ್ಯಾಯಾಲಯ ರದ್ದು ಮಾಡಿತು. ನಮ್ಮಲ್ಲಿ ಮತದಾನದ ಹಿಂದಿನ ರಾತ್ರಿ ಏನೇನು ಹಂಚಿಕೆಯಾಗುತ್ತದೆ ಎಂದು ತಿಳಿದವರು, ಗುರುತು ಮಾಡದ ಮತಪತ್ರ ಮನೆಮನೆಯಲ್ಲಿ ವಾರಗಟ್ಟಲೆ ಕೂತಿರುವುದನ್ನು ಊಹಿಸಿಕೊಳ್ಳಲಿ. ಈಗಿನ ಸೀಮಿತ ವ್ಯವಸ್ಥೆಯೇ ಸದ್ಯಕ್ಕೆ ಸರಿ ಎಂಬುದು ನಮ್ಮ ನಿಲುವು. ಆದರೆ 85ರ ಮಿತಿಯನ್ನು ಮತ್ತೆ 80ಕ್ಕೆ ಇಳಿಸಿದರೆ ನಮ್ಮ ತಕರಾರಿಲ್ಲ.

ಸಂದೇಹ ಬಂದರೆ ಯಾರನ್ನು ಕೇಳಬೇಕು?

ಮೊದಲು ಬಿಎಲ್‌ಒ. ನಂತರ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆ. ಮತದಾರರ ಸಹಾಯವಾಣಿ 1950. ಕರೆ ಮಾಡುವಾಗ ಎಪಿಕ್ ಸಂಖ್ಯೆ ಕೈಯಲ್ಲಿರಲಿ, ‘ಯಾವ ಜಿಲ್ಲೆ’ ಎಂದು ಕೇಳಿದರೆ ಜಿಲ್ಲೆಯ ಜೊತೆಗೆ ವಿಧಾನಸಭಾ ಕ್ಷೇತ್ರವನ್ನೂ ಹೇಳಿ. ಕೆ.ಆರ್. ನಗರ, ವರುಣ, ನಂಜನಗೂಡಿನವರು ಇದನ್ನು ಹೇಳದಿದ್ದರೆ ತಪ್ಪು ಕಚೇರಿಗೆ ಅಲೆಯಬೇಕಾದೀತು.